ಗಡಿನಾಡಿನ ಕನ್ನಡ ಕಾರ್ಯಕರ್ತರು ವಿಧಾನಸಭೆಗೆ ನಿಂತಾಗ: ಮಂಜೇಶ್ವರ–ಕಾಸರಗೋಡಿನ ಹಿನ್ನೆಲೆ ಮತ್ತು ತಿಳಿದಿರಬೇಕಾದ ನಿಯಮಗಳು

ಕರ್ನಾಟಕದ ಹೊರಗೆ ಉಳಿದ ಕನ್ನಡ ಪ್ರದೇಶಗಳಲ್ಲಿ ಸಂಘಟನೆ, ಶಾಲೆ, ಹೋರಾಟ ಎಂದು ಓಡಾಡಿದವರು ಆಯಾ ರಾಜ್ಯದ ವಿಧಾನಸಭೆಗೆ ಸ್ಪರ್ಧಿಸುವುದು ಹೊಸ ಸಂಗತಿಯೇನಲ್ಲ. ಚುನಾವಣೆ ಹತ್ತಿರ ಬಂದಾಗಲೆಲ್ಲ ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ, ಆದೋನಿ ಕಡೆಯ ಸದಸ್ಯರು ನಮಗೆ ಕೇಳುವ ಪ್ರಶ್ನೆ ಒಂದೇ: "ನಮ್ಮವರೊಬ್ಬರನ್ನು ನಿಲ್ಲಿಸಬಹುದೇ? ನಿಲ್ಲಿಸಿದರೆ ಏನು ಪ್ರಯೋಜನ?" ಇದಕ್ಕೆ ಬಾಯಿಮಾತಿನ ಉತ್ತರ ಕೊಟ್ಟು ಸಾಕಾಗಿ, ಒಮ್ಮೆ ಬರೆದಿಡೋಣ ಎಂದು ಕುಳಿತಿದ್ದೇವೆ. ನಮ್ಮ ಸಂಘ ಯಾವ ಪಕ್ಷದ ಪರವೂ ಅಲ್ಲ, ಯಾವ ಅಭ್ಯರ್ಥಿಯ ಪರವೂ ಅಲ್ಲ. ಇಲ್ಲಿರುವುದು ಮಾಹಿತಿ, ಜೊತೆಗೆ ಅಲ್ಲಲ್ಲಿ ನಮ್ಮ ಅಭಿಪ್ರಾಯ.

ಉದಾಹರಣೆಗೆ ಮಂಜೇಶ್ವರ ಮತ್ತು ಕಾಸರಗೋಡು ಕ್ಷೇತ್ರಗಳನ್ನು ತೆಗೆದುಕೊಂಡಿದ್ದೇವೆ. ಕಾರಣ, ಭಾಷೆಯ ಪ್ರಶ್ನೆಯನ್ನೇ ಮುಂದಿಟ್ಟು ನಿಂತವರು ಗೆದ್ದು ಶಾಸಕರಾದದ್ದು ಅಲ್ಲಿ. ಗೆದ್ದ ಮೇಲೆ ಏನಾಯಿತು ಎಂಬುದೂ ಅಲ್ಲಿಯೇ ಚೆನ್ನಾಗಿ ಕಾಣುತ್ತದೆ.

1957ರಿಂದ 1970ರವರೆಗೆ

ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ 1955ರಲ್ಲೇ ಬಂದಿತ್ತು, ವಿರೋಧವೂ ಆಗಲೇ ಎದ್ದಿತ್ತು. ಹೊಸ ರಾಜ್ಯದ ಮೊದಲ ವಿಧಾನಸಭಾ ಚುನಾವಣೆ ನಾಲ್ಕೇ ತಿಂಗಳಲ್ಲಿ, 1957ರ ಫೆಬ್ರವರಿ–ಮಾರ್ಚ್‌ನಲ್ಲಿ ನಡೆಯಿತು. ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರಕಾರ ಬಂದದ್ದು ಈ ಚುನಾವಣೆಯಿಂದ. ಇಡೀ ದೇಶ ತಿರುವನಂತಪುರದ ಕಡೆ ನೋಡುತ್ತಿದ್ದಾಗ ಉತ್ತರದ ತುದಿಯ ಮಂಜೇಶ್ವರದಲ್ಲಿ ಮತದಾನವೇ ನಡೆದಿರಲಿಲ್ಲ. ಅಲ್ಲಿ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾಗಿದ್ದರು. ರಾಷ್ಟ್ರೀಯ ಪಕ್ಷಗಳೆಲ್ಲ ಇರುವ ಕಾಲದಲ್ಲಿ ಒಂದು ಕ್ಷೇತ್ರದಲ್ಲಿ ಎದುರಾಳಿಯೇ ಉಳಿಯದಿರುವುದೆಂದರೆ ಅಂದಿನ ಊರಿನ ಮನಸ್ಸು ಎಷ್ಟು ಒಂದೇ ಕಡೆ ಇತ್ತು ಎಂದು ಯೋಚಿಸಬೇಕು. ಇಂದು ನಾಲ್ಕು ಜನರ ಸಮಿತಿಗೆ ಅವಿರೋಧ ಆಯ್ಕೆ ಮಾಡುವುದೇ ನಮಗೆ ಕಷ್ಟ.

1959ರಲ್ಲಿ ಆ ಸರಕಾರ ವಜಾ ಆಗಿ 1960ರಲ್ಲಿ ಮತ್ತೆ ಚುನಾವಣೆ ಬಂತು. ಈ ಬಾರಿ ಮಂಜೇಶ್ವರದಿಂದ ಗೆದ್ದವರು ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ. ಕಾಸರಗೋಡನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂಬ ಚಳವಳಿಯ ಮುಂದಾಳುಗಳಲ್ಲಿ ಅವರು ಪ್ರಮುಖರು. 1965ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬರದೆ ವಿಧಾನಸಭೆ ಒಂದು ದಿನವೂ ಸೇರಲಿಲ್ಲ. ಗೆದ್ದವರಿಗೆ ಪ್ರಮಾಣವಚನದ ಭಾಗ್ಯವೂ ಸಿಗಲಿಲ್ಲ.

1967ರ ಫೆಬ್ರವರಿ ಚುನಾವಣೆಯನ್ನು ವಿವರವಾಗಿ ನೋಡಬೇಕು. ಅದಕ್ಕೆ ನಾಲ್ಕು ತಿಂಗಳ ಹಿಂದೆ, 1966ರ ಅಕ್ಟೋಬರ್‌ನಲ್ಲಿ, ಕೇಂದ್ರ ಸರಕಾರ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗವನ್ನು ನೇಮಿಸಿತ್ತು. ಬೆಳಗಾವಿ, ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಜೊತೆಗೆ ಕಾಸರಗೋಡಿನ ಪ್ರಶ್ನೆಯೂ ಅದರ ಮುಂದಿತ್ತು. ಅಂದರೆ ಮತದಾರರು ಮತಗಟ್ಟೆಗೆ ಹೋದಾಗ ಗಡಿಯ ಪ್ರಕರಣ ವಿಚಾರಣೆಯಲ್ಲಿತ್ತು. ಆ ಸಲ ಮಂಜೇಶ್ವರದಲ್ಲಿ ಮಹಾಬಲ ಭಂಡಾರಿ ಮತ್ತೆ ಗೆದ್ದರು, ಪಕ್ಕದ ಕಾಸರಗೋಡಿನಲ್ಲಿ ಯು.ಪಿ. ಕುಣಿಕುಳ್ಳಾಯ ಗೆದ್ದರು. ಇಬ್ಬರೂ ಪಕ್ಷೇತರರು, ಇಬ್ಬರೂ ಕನ್ನಡದ ಹೋರಾಟದಿಂದ ಬಂದವರು. ಅದೇ ವರ್ಷದ ಆಗಸ್ಟ್‌ನಲ್ಲಿ ಮಹಾಜನ್ ವರದಿ ಬಂದು, ಚಂದ್ರಗಿರಿ–ಪಯಸ್ವಿನಿ ಹೊಳೆಯ ಉತ್ತರದ ಪ್ರದೇಶವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಶಿಫಾರಸು ಕಾಗದದಲ್ಲಿ ಉಳಿಯಿತು. ಕೇರಳ ಒಪ್ಪಲಿಲ್ಲ, ಬೆಳಗಾವಿ ಸಿಗಲಿಲ್ಲವೆಂದು ಮಹಾರಾಷ್ಟ್ರವೂ ಒಪ್ಪಲಿಲ್ಲ, ಕೇಂದ್ರ ಮುಂದುವರಿಯಲಿಲ್ಲ. 1970ರ ಚುನಾವಣೆಯಲ್ಲಿ ಮಂಜೇಶ್ವರ ಎಡಪಕ್ಷದ ಎಂ. ರಾಮಪ್ಪ ಅವರ ಪಾಲಾಯಿತು, ಕಾಸರಗೋಡು ಬಿ.ಎಂ. ಅಬ್ದುಲ್ ರಹಿಮಾನ್ ಅವರ ಪಾಲಾಯಿತು. ಗಡಿ ವಿಲೀನದ ಪ್ರಶ್ನೆಯೊಂದನ್ನೇ ಹಿಡಿದು ಆ ಬಳಿಕ ಅಲ್ಲಿ ಯಾರೂ ಗೆದ್ದಿಲ್ಲ.

ಇಬ್ಬರು ಶಾಸಕರಿದ್ದೂ ಏಕೆ ಆಗಲಿಲ್ಲ?

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಬೇಸರದಿಂದ ಕೇಳುತ್ತಾರೆ, ಕೆಲವರು ಆ ಇಬ್ಬರ ಮೇಲೆಯೇ ತಪ್ಪು ಹೊರಿಸುತ್ತಾರೆ. ಅದು ಸರಿಯಲ್ಲ. 1967ರ ಕೇರಳ ವಿಧಾನಸಭೆಯಲ್ಲಿ ಚುನಾಯಿತ ಸ್ಥಾನಗಳು 133. ಅದರಲ್ಲಿ ಇಬ್ಬರು. ಅದಕ್ಕಿಂತ ಮುಖ್ಯವಾಗಿ, ರಾಜ್ಯಗಳ ಗಡಿ ಬದಲಿಸುವ ಅಧಿಕಾರ ವಿಧಾನಸಭೆಗೆ ಇಲ್ಲವೇ ಇಲ್ಲ. ಸಂವಿಧಾನದ 3ನೇ ವಿಧಿಯಂತೆ ಅದು ಸಂಸತ್ತಿನ ಕೆಲಸ. ರಾಷ್ಟ್ರಪತಿಗಳ ಶಿಫಾರಸಿನ ಮೇಲೆ ಮಸೂದೆ ಬರಬೇಕು, ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಆದರೆ ಆ ಅಭಿಪ್ರಾಯ ಸಂಸತ್ತನ್ನು ಕಟ್ಟಿಹಾಕುವುದಿಲ್ಲ. ಹೀಗಿರುವಾಗ "ನನ್ನನ್ನು ಗೆಲ್ಲಿಸಿ, ಗಡಿ ಬದಲಿಸುತ್ತೇನೆ" ಎಂದು ವಿಧಾನಸಭೆಯ ಅಭ್ಯರ್ಥಿ ಹೇಳಿದರೆ ಅದು ತಾಲೂಕು ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಳಿದಂತೆ.

ಹಾಗಾದರೆ ಆ ಸ್ಥಾನ ವ್ಯರ್ಥವೇ? ನಾವು ಹಾಗೆ ಹೇಳುವುದಿಲ್ಲ. ಗೆದ್ದ ಮತಗಳೇ ಒಂದು ದಾಖಲೆ. ಜನಾಭಿಪ್ರಾಯ ಎಲ್ಲಿದೆ ಎಂದು ಯಾರಾದರೂ ಕೇಳಿದರೆ 1957, 1960, 1967ರ ಫಲಿತಾಂಶಗಳನ್ನು ತೋರಿಸಬಹುದು. ಅದಕ್ಕಿಂತ ದಿನನಿತ್ಯದ ವಿಷಯ ಬೇರೆ ಇದೆ. ಶಾಲೆಗೆ ಯಾವ ಭಾಷೆಯ ಶಿಕ್ಷಕರು ಬರುತ್ತಾರೆ, ಪಂಚಾಯತಿನ ನೋಟೀಸು ಯಾವ ಭಾಷೆಯಲ್ಲಿರುತ್ತದೆ, ಕನ್ನಡ ಬಲ್ಲವರಿಗೆ ಮೀಸಲಾದ ಹುದ್ದೆಗೆ ಯಾರನ್ನು ನೇಮಿಸುತ್ತಾರೆ, ಇವೆಲ್ಲ ರಾಜ್ಯ ಸರಕಾರದ ಕೈಯಲ್ಲೇ ಇವೆ, ಆದ್ದರಿಂದ ಶಾಸಕರ ಬಾಯಿಗೆ ಬೆಲೆಯಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ, ಅಧಿಸೂಚಿತ ಪ್ರದೇಶದ ಸ್ಥಳೀಯ ಕಚೇರಿಗಳೊಡನೆ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಹೇಳಿದೆ. ಕಾಗದದಲ್ಲಿರುವ ಈ ಮಾತು ಕೌಂಟರಿನಲ್ಲಿ ನಡೆಯುತ್ತಿದೆಯೇ ಎಂದು ಸದನದಲ್ಲಿ ಲಿಖಿತ ಪ್ರಶ್ನೆ ಕೇಳಿದರೆ ಸಂಬಂಧಪಟ್ಟ ಇಲಾಖೆ ಕಡತ ತೆರೆಯಲೇಬೇಕು. ಗುಮಾಸ್ತಿಕೆಯಲ್ಲಿ ಆಯುಷ್ಯ ಕಳೆದವರಾದ ನಮಗೆ ಇದು ಚೆನ್ನಾಗಿ ಗೊತ್ತು. ನೂರು ಮನವಿಗಳು ಮೇಜಿನ ಮೇಲೆ ಧೂಳು ತಿನ್ನುತ್ತಿರುತ್ತವೆ, ವಿಧಾನಸಭೆಯ ಪ್ರಶ್ನೆಯೊಂದು ಬಂದರೆ ಮಧ್ಯಾಹ್ನದ ಊಟ ಬಿಟ್ಟು ಉತ್ತರ ತಯಾರಿಸುತ್ತೇವೆ.

2017ರಲ್ಲಿ ಕೇರಳದ ಎಲ್ಲ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ನೆನಪಿರಬಹುದು. ಬೀದಿಯ ಕೂಗು ಬೇಕು. ಆದರೆ ಮಸೂದೆಗೆ ತಿದ್ದುಪಡಿ ಸೂಚಿಸಲು ಸದನದೊಳಗೇ ಒಬ್ಬರು ಇರಬೇಕಾಗುತ್ತದೆ.

ಕನ್ನಡದ ಮತ ಎಂದರೆ ಯಾರ ಮತ?

ಇಲ್ಲಿ ನಮ್ಮ ಅನೇಕ ಉತ್ಸಾಹಿಗಳು ಎಡವುತ್ತಾರೆ. ಮಂಜೇಶ್ವರದ ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ, ಉರ್ದು ಎಲ್ಲ ಇವೆ. ಮನೆಯಲ್ಲಿ ಕನ್ನಡವನ್ನೇ ಆಡುವವರು ಒಂದು ಭಾಗ ಮಾತ್ರ. ಆದರೆ ಶಾಲೆ, ಪತ್ರಿಕೆ, ಜಮೀನಿನ ಹಳೇ ದಾಖಲೆ, ಯಕ್ಷಗಾನ, ಇವೆಲ್ಲ ಕನ್ನಡದಲ್ಲಿ. ಆದ್ದರಿಂದ ಅಲ್ಲಿ ಕನ್ನಡದ ಹಿತ ಎಂದರೆ ಮನೆಮಾತಿನ ಲೆಕ್ಕವಲ್ಲ, ಕನ್ನಡದಲ್ಲಿ ಓದಿ ಬರೆಯುವ ಎಲ್ಲರ ಲೆಕ್ಕ. 1980 ಮತ್ತು 1982ರಲ್ಲಿ ಅಲ್ಲಿಂದ ಗೆದ್ದ ಕಮ್ಯುನಿಸ್ಟ್ ಪಕ್ಷದ ಎ. ಸುಬ್ಬರಾವ್ ಕೇರಳದ ನೀರಾವರಿ ಸಚಿವರೂ ಆಗಿದ್ದರು. 2021ರಲ್ಲಿ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಪಕ್ಷ ಬೇರೆ, ಮತ ಬೇರೆ, ಆದರೆ ಕ್ಷೇತ್ರದ ಭಾಷೆಯನ್ನು ಬಿಟ್ಟುಕೊಡಲು ಯಾರಿಗೂ ಧೈರ್ಯವಿಲ್ಲ. ಸಮಿತಿಯ ಕಾಲದ ಗೆಲುವುಗಳು ಬಿಟ್ಟುಹೋದ ಆಸ್ತಿ ಇದೇ ಎಂದು ನಮ್ಮ ಎಣಿಕೆ.

ಮತಗಳು ಎಷ್ಟು ಸೂಕ್ಷ್ಮ ಎಂಬುದಕ್ಕೂ ಅದೇ ಕ್ಷೇತ್ರ ಸಾಕ್ಷಿ. 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಗೆದ್ದ ಅಂತರ 89 ಮತ. 2021ರ ಅಂತರ 745. ಇಂತಹ ಕಡೆ ಪಕ್ಷೇತರ ಕಾರ್ಯಕರ್ತರೊಬ್ಬರು ಐನೂರು ಮತ ಪಡೆದರೂ ಫಲಿತಾಂಶ ತಿರುಗಬಹುದು. ನಿಲ್ಲುವವರು ಇದನ್ನು ಅರಿತೇ ನಿಲ್ಲಬೇಕು. ಕೆಲವರಿಗೆ ಅದು ಬೆದರಿಕೆಯ ಬಲ ಎನಿಸುತ್ತದೆ: ನಾಮಪತ್ರ ಹಾಕುವ ಮುಂಚೆಯೇ ದೊಡ್ಡ ಪಕ್ಷಗಳು ಮಾತಿಗೆ ಬರುತ್ತವೆ. ಬರುತ್ತವೆ, ನಿಜ. ಆಗ ಬಾಯಿಮಾತಿನ ಭರವಸೆಗೆ ತೃಪ್ತರಾಗದೆ, ಪ್ರಣಾಳಿಕೆಯಲ್ಲಿ ಶಾಲೆ, ಶಿಕ್ಷಕರ ನೇಮಕ, ಕಚೇರಿ ಭಾಷೆ ಎಂದು ಮೂರು ಸಾಲು ಅಚ್ಚು ಹಾಕಿಸಿಕೊಳ್ಳುವುದು ಜಾಣತನ.

ಗಡಿಯ ಆಚೆಗಿನ ಉದಾಹರಣೆಯೂ ಒಂದಿದೆ. ಬೆಳಗಾವಿ ಜಿಲ್ಲೆಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ನಮ್ಮ ಪ್ರಶ್ನೆಯನ್ನೇ ತಿರುವುಮುರುವಾಗಿ ಹಿಡಿದು ದಶಕಗಳ ಕಾಲ ಸ್ಪರ್ಧಿಸಿದೆ. 2013ರಲ್ಲಿ ಅದಕ್ಕೆ ಎರಡು ಸ್ಥಾನ ಸಿಕ್ಕಿದ್ದವು, 2018ರಲ್ಲಿ ಒಂದೂ ಇಲ್ಲ. ಅವರ ಉದ್ದೇಶ ನಮಗೆ ಒಪ್ಪಿಗೆಯಿಲ್ಲದಿದ್ದರೂ, ಬಣಗಳಾಗಿ ಒಡೆದು ಒಂದೇ ಕ್ಷೇತ್ರದಲ್ಲಿ ಪರಸ್ಪರ ಎದುರು ನಿಂತರೆ ಏನಾಗುತ್ತದೆ ಎಂಬುದನ್ನು ಅವರಿಂದ ನೋಡಿ ಕಲಿಯಬಹುದು.

ನಿಲ್ಲುವವರು ನೋಡಿಕೊಳ್ಳಬೇಕಾದದ್ದು

ವಯಸ್ಸು 25 ತುಂಬಿರಬೇಕು, ಆ ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿರಬೇಕು. ಎರಡನೆಯದು ನಮ್ಮವರಿಗೆ ತೊಡಕು. ಮನೆ ಗಡಿಯೊಳಗೆ, ಕೆಲಸ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ವಿಜಯಪುರದಲ್ಲೋ ಇದ್ದು ಮತದಾರರ ಪಟ್ಟಿಯ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಂಡವರು ಎಷ್ಟೋ ಜನ. ಅಂಥವರು ಎಷ್ಟೇ ದೊಡ್ಡ ಹೋರಾಟಗಾರರಾದರೂ ಈಚೆಯ ರಾಜ್ಯದಲ್ಲಿ ಅಭ್ಯರ್ಥಿಯಾಗಲು ಬಾರದು. ಬೇರೆ ಕ್ಷೇತ್ರದ ಮತದಾರರಾಗಿದ್ದರೆ ಆ ಪಟ್ಟಿಯ ದೃಢೀಕೃತ ಪ್ರತಿ ಕೊಡಬೇಕು.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಸೂಚಕರು ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಒಮ್ಮೆ ನಮ್ಮ ಸ್ನೇಹಿತರೊಬ್ಬರ ನಾಮಪತ್ರ ತುಂಬಲು ಕುಳಿತಿದ್ದೆವು. ಹತ್ತು ಸಹಿ ಸಂಭ್ರಮದಿಂದ ಹಾಕಿಸಿದ್ದೂ ಆಯಿತು. ಹಿಂದಿನ ರಾತ್ರಿ ಪಟ್ಟಿಯ ಭಾಗ ಸಂಖ್ಯೆ ನೋಡಿದರೆ ಒಬ್ಬರು ರಸ್ತೆಯ ಆಚೆ ಬದಿಯವರು, ಆ ಬದಿ ಪಕ್ಕದ ಕ್ಷೇತ್ರ! ಅವರ ಹೆಸರು ಬರೆದದ್ದು ನಾವೇ. ಬೆಳಗ್ಗೆ ಆರಕ್ಕೆ ಇನ್ನೊಬ್ಬರ ಮನೆಯ ಬಾಗಿಲು ತಟ್ಟಿ ಸಹಿ ತಂದೆವು. ಹತ್ತರ ಬದಲು ಒಂಬತ್ತಾದರೆ ಪರಿಶೀಲನೆಯಲ್ಲಿ ನಾಮಪತ್ರ ಹೋದಂತೆಯೇ. ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇವೆ, ನಾಮಪತ್ರ ಎರಡು ಪ್ರತಿಯಾದರೂ ಬೇರೆ ಬೇರೆ ಸೂಚಕರಿಂದ ತಯಾರಿರಲಿ. ಒಬ್ಬರು ನಾಲ್ಕರವರೆಗೆ ಸಲ್ಲಿಸಬಹುದು, ಠೇವಣಿ ಒಂದೇ.

ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಸಿಂಧುವಾದ ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ, ಸೋತವರಿಗೆ ಆ ಹಣ ಹಿಂದೆ ಬಾರದು. 1996ರಲ್ಲಿ ತಾಳವಾಡಿಯವರ ಈರೋಡ್ ಜಿಲ್ಲೆಯದೇ ಆದ ಮೊಡಕುರಿಚ್ಚಿಯಲ್ಲಿ ರೈತರು ಪ್ರತಿಭಟನೆಗೆಂದು ನಾಮಪತ್ರ ಹಾಕಿ ಕಣದಲ್ಲಿ 1,033 ಅಭ್ಯರ್ಥಿಗಳಾದರು. ಮತಪತ್ರ ಪುಸ್ತಕದಂತಾಗಿ ಮತದಾನವನ್ನೇ ಮುಂದೂಡಬೇಕಾಯಿತು. ಆಗ ಠೇವಣಿ 250 ರೂಪಾಯಿ. ಅದೇ ವರ್ಷ ಠೇವಣಿ ಏರಿಸಿ, ಹತ್ತು ಸೂಚಕರ ನಿಯಮ ತಂದರು. ಈಗ ಆ ಬಗೆಯ ಪ್ರತಿಭಟನೆ ದುಬಾರಿ.

ಅಪರಾಧ ಪ್ರಕರಣ, ಆಸ್ತಿ, ಸಾಲ, ವಿದ್ಯಾರ್ಹತೆ ಇವನ್ನೆಲ್ಲ ನಮೂನೆ 26ರಲ್ಲಿ ಅಫಿದವಿತ್ ಮೂಲಕ ಕೊಡಬೇಕು. ಹೋರಾಟಗಾರರು ಇಲ್ಲಿ ಎಚ್ಚರದಿಂದಿರಬೇಕು. ಎಂದೋ ರಸ್ತೆ ತಡೆ ಮಾಡಿದ್ದಕ್ಕೆ, ಕಚೇರಿಗೆ ಮುತ್ತಿಗೆ ಹಾಕಿದ್ದಕ್ಕೆ ದಾಖಲಾದ ಪ್ರಕರಣ ಮರೆತೇ ಹೋಗಿರುತ್ತದೆ. ಠಾಣೆಯಲ್ಲಿ, ನ್ಯಾಯಾಲಯದಲ್ಲಿ ವಿಚಾರಿಸಿ ಬರೆಯಿರಿ. ಯಾವ ಕಲಮನ್ನೂ ಖಾಲಿ ಬಿಡಬೇಡಿ, ಇಲ್ಲದಿದ್ದರೆ "ಇಲ್ಲ" ಎಂದೇ ಬರೆಯಿರಿ. ನಾಮಪತ್ರ ಸಲ್ಲಿಸಿದ ಮೇಲೆ, ಪರಿಶೀಲನೆಯ ದಿನಕ್ಕೆ ಮುಂಚೆ, ಅಭ್ಯರ್ಥಿಯ ಪ್ರಮಾಣವನ್ನೂ ಸ್ವೀಕರಿಸಬೇಕು. ಇದನ್ನು ಮರೆತು ಮನೆಗೆ ಬಂದವರಿದ್ದಾರೆ.

ಖರ್ಚಿಗೆ 2022ರಲ್ಲಿ ನಿಗದಿಯಾದ ಮಿತಿ ದೊಡ್ಡ ರಾಜ್ಯಗಳಲ್ಲಿ 40 ಲಕ್ಷ, ಗೋವಾದಲ್ಲಿ 28 ಲಕ್ಷ ರೂಪಾಯಿ. ನಮ್ಮವರಿಗೆ ಮಿತಿ ಮೀರುವ ಭಯವಿಲ್ಲ. ಆದರೆ ಖರ್ಚು ಕಡಿಮೆಯಾದರೂ ಲೆಕ್ಕ ಕೊಡಲೇಬೇಕು, ಫಲಿತಾಂಶ ಬಂದ 30 ದಿನದೊಳಗೆ. ಕೊಡದಿದ್ದರೆ ಮೂರು ವರ್ಷ ಅನರ್ಹರಾಗಬಹುದು. ಸೋತ ಬೇಸರದಲ್ಲಿ ರಶೀದಿಗಳ ಚೀಲವನ್ನು ಅಟ್ಟಕ್ಕೆ ಎಸೆಯಬೇಡಿ.

ಮೀಸಲು ಕ್ಷೇತ್ರವಾದರೆ ಜಾತಿ ಆ ರಾಜ್ಯದ ಪಟ್ಟಿಯಲ್ಲೇ ಇರಬೇಕು, ಕರ್ನಾಟಕದ ಪ್ರಮಾಣಪತ್ರ ನಡೆಯುವುದಿಲ್ಲ. ಕೇರಳದ ದೇವಿಕುಳಂ ಕ್ಷೇತ್ರದ ತಮಿಳು ಮಾತಿನ ಶಾಸಕ ಎ. ರಾಜಾ ಅವರ ಆಯ್ಕೆಯನ್ನು ಮೀಸಲು ಅರ್ಹತೆಯ ಪ್ರಶ್ನೆಯಲ್ಲಿ 2023ರಲ್ಲಿ ಹೈಕೋರ್ಟ್ ಅಸಿಂಧುಗೊಳಿಸಿ, 2025ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಡುವಿನ ಎರಡು ವರ್ಷದ ಅಲೆದಾಟ ಯಾರಿಗೂ ಬೇಡ.

ಭಾಷೆಯ ಹೆಸರಿನಲ್ಲಿ ಮತ ಕೇಳಬಹುದೇ?

ಕನ್ನಡ ಕಾರ್ಯಕರ್ತರಿಗೆ ಅತ್ಯಂತ ಮುಖ್ಯವಾದ ನಿಯಮ ಇದು, ಬಹಳ ಜನರಿಗೆ ಗೊತ್ತಿಲ್ಲದ್ದೂ ಇದೇ. ಜನಪ್ರಾತಿನಿಧ್ಯ ಕಾಯಿದೆಯ 123(3)ನೇ ಸೆಕ್ಷನ್ ಪ್ರಕಾರ ಧರ್ಮ, ಜನಾಂಗ, ಜಾತಿ, ಸಮುದಾಯ ಅಥವಾ ಭಾಷೆಯ ಆಧಾರದಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಗೆದ್ದ ಚುನಾವಣೆಯೂ ರದ್ದಾಗುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ, ಅಭ್ಯರ್ಥಿಯ ಭಾಷೆ ಮಾತ್ರವಲ್ಲ, ಮತದಾರರ ಭಾಷೆಯನ್ನು ಹೇಳಿ ಮತ ಕೇಳುವುದೂ ಇದರೊಳಗೆ ಬರುತ್ತದೆ ಎಂದು ನಾಲ್ಕು–ಮೂರು ಬಹುಮತದಿಂದ ತೀರ್ಪು ನೀಡಿತು.

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ. ಹರಿಯಾಣ ಲೋಕ ಸಮಿತಿಯ ಜಗದೇವ ಸಿಂಗ್ ಸಿದ್ಧಾಂತಿ 1962ರಲ್ಲಿ ಪಂಜಾಬಿನ ಝಜ್ಜರ್ ಲೋಕಸಭಾ ಕ್ಷೇತ್ರದಿಂದ ಹಿಂದಿಯ ಪರ ಹೋರಾಟವನ್ನು ಮುಂದಿಟ್ಟು ಗೆದ್ದಿದ್ದರು. ಹೈಕೋರ್ಟ್ ಆ ಆಯ್ಕೆಯನ್ನು ರದ್ದು ಮಾಡಿತು, 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿಯಿತು. ಸಂವಿಧಾನದ 29ನೇ ವಿಧಿಯಂತೆ ತಮ್ಮ ಭಾಷೆಯನ್ನು ಉಳಿಸಿಕೊಳ್ಳುವುದು ನಾಗರಿಕರ ಹಕ್ಕು, ಆ ಹಕ್ಕಿಗಾಗಿ ರಾಜಕೀಯ ಚಳವಳಿ ಮಾಡುವೆನೆಂದು ಮತದಾರರಿಗೆ ಮಾತು ಕೊಡುವುದು ಭ್ರಷ್ಟ ಆಚರಣೆಯಲ್ಲ ಎಂಬುದು ಅದರ ಸಾರ. ಸರಳವಾಗಿ ಹೇಳಬೇಕೆಂದರೆ, "ನಾನು ಕನ್ನಡಿಗ, ಅವನು ಅಲ್ಲ, ಆದ್ದರಿಂದ ನನಗೆ ಮತ ಕೊಡಿ" ಎಂಬುದು ತಪ್ಪು. "ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬೇಕೆಂದು ಹೋರಾಡುತ್ತೇನೆ" ಎಂಬುದು ತಪ್ಪಲ್ಲ. ಕರಪತ್ರ ಬರೆಯುವ ನಮ್ಮ ಕವಿಮಿತ್ರರು ಈ ಎರಡು ವಾಕ್ಯಗಳನ್ನು ಕತ್ತರಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಳ್ಳಲಿ. ಸೋತವರಿಗೆ ಚುನಾವಣಾ ತಕರಾರು ಅರ್ಜಿ ಹಾಕಲು 45 ದಿನ ಅವಕಾಶವಿದೆ, ಕರಪತ್ರವೊಂದು ಅವರ ಕೈಯಲ್ಲಿದ್ದರೆ ಸಾಕು.

ಗೆದ್ದರೆ ಸದನದಲ್ಲಿ

ಪ್ರಮಾಣವಚನ ಕನ್ನಡದಲ್ಲಿ ಆಗಬಹುದು, ಆಗಿದೆ. ಅನುವಾದವನ್ನು ಮುಂಚೆಯೇ ಪರೀಕ್ಷಿಸಿ. 2021ರಲ್ಲಿ ಮೇಲೆ ಹೇಳಿದ ದೇವಿಕುಳಂ ಶಾಸಕರು ತಮಿಳಿನಲ್ಲಿ ಪ್ರಮಾಣ ಮಾಡಿದಾಗ ಕೊಟ್ಟ ಪಠ್ಯದಲ್ಲಿ "ದೇವರ ಹೆಸರಿನಲ್ಲಿ" ಎಂಬುದೂ ಇರಲಿಲ್ಲ, "ದೃಢೀಕರಿಸುತ್ತೇನೆ" ಎಂಬುದೂ ಇರಲಿಲ್ಲ. ಅವರು ಮತ್ತೊಮ್ಮೆ ಪ್ರಮಾಣ ಮಾಡಬೇಕಾಯಿತು. ಪ್ರಮಾಣವಿಲ್ಲದೆ ಸದನದಲ್ಲಿ ಕುಳಿತರೆ 193ನೇ ವಿಧಿಯಂತೆ ದಿನಕ್ಕೆ 500 ರೂಪಾಯಿ ದಂಡ.

ಭಾಷಣದ ಬಗ್ಗೆ 210ನೇ ವಿಧಿ ಇದೆ. ಸದನದ ವ್ಯವಹಾರ ರಾಜ್ಯದ ಅಧಿಕೃತ ಭಾಷೆಯಲ್ಲಿ, ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಇವುಗಳಲ್ಲಿ ಸರಿಯಾಗಿ ಹೇಳಲಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಹಕ್ಕಲ್ಲ, ಅನುಮತಿ. ಮನೆಮಾತು ತುಳುವಾದ ಶಾಸಕರು ಯಾವ ಭಾಷೆಗೆ ಅನುಮತಿ ಕೇಳಬೇಕು ಎಂಬ ತಮಾಷೆಯ ಪ್ರಶ್ನೆಯನ್ನು ನಮ್ಮ ಕೋಶಾಧಿಕಾರಿಗಳು ಎತ್ತಿದ್ದಾರೆ. ಏನೇ ಇರಲಿ, ನಮ್ಮ ಪ್ರತಿನಿಧಿ ಆ ರಾಜ್ಯದ ಭಾಷೆಯಲ್ಲೂ ಗಟ್ಟಿಯಾಗಿ ಮಾತಾಡಬಲ್ಲವರಾಗಿರಬೇಕು. ಕನ್ನಡಕ್ಕಾಗಿ ವಾದಿಸುವಾಗ ಎದುರು ಕುಳಿತವರಿಗೆ ಅರ್ಥವಾಗಬೇಕಲ್ಲ.

ಅಭ್ಯರ್ಥಿ ಯಾರೇ ಆಗಲಿ, ಈಗ ಮಾಡಬಹುದಾದ ಕೆಲಸ ಮತದಾರರ ಪಟ್ಟಿ ನೋಡುವುದು. 18 ತುಂಬಿದವರ ಸೇರ್ಪಡೆಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೇ ತಾರೀಕು. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಕನ್ನಡದ ಹೆಸರುಗಳು ಬೇರೆ ಲಿಪಿಗೆ ಹೋಗಿ ಬರುವಾಗ ಏನೇನೋ ಆಗುತ್ತವೆ, ಸ್ವಂತ ಹೆಸರನ್ನೇ ಗುರುತಿಸಲಾಗದವರಿದ್ದಾರೆ. ಎರಡೂ ನಮೂನೆಗಳ ಪ್ರತಿಗಳನ್ನು ಸಂಘದ ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಭಾನುವಾರ ಬೆಳಗ್ಗೆ ಬಂದರೆ ತುಂಬಿಸಿಕೊಡುತ್ತೇವೆ, ಬರುವಾಗ ಹಳೆಯ ಗುರುತು ಚೀಟಿ ತನ್ನಿ.